ಎಂಟಾದ ಮೇಲೆ ಆರು

ನಮ್ಮ ದೊಡ್ಡಮ್ಮ ಹಲ್ಲಿನ ಡಾಕ್ಟರ ಕುರ್ಚಿಯಿಂದ ಎರಡು ಸಲ ಎದ್ದು ಓಡಿದವರು. ಆ ಕುರ್ಚಿ ಇರುವುದು ನಾನು ಕೆಲಸ ಮಾಡುವ ಚಳ್ಳಕೆರೆಯ ಕ್ಲಿನಿಕ್ಕಿನಲ್ಲಿ. ಮೊದಲ ಸಲ ಸೂಜಿ ಕಾಣುವ ಮೊದಲೇ ಎದ್ದರು. ಎರಡನೇ ಸಲ ಎದೆಗೆ ಕಟ್ಟಿದ್ದ ಹಸಿರು ಬಟ್ಟೆಯ ಸಮೇತ ಬಸ್‌ ಸ್ಟ್ಯಾಂಡ್ ಮುಟ್ಟಿದರು. ಆ ಬಟ್ಟೆಯನ್ನು ಒಗೆದು, ಮಡಿಸಿ, ಮುಂದಿನ ವಾರ ತಾವು ಸೀರೆ ನೇಯುವ ಊರು ಮೊಳಕಾಲ್ಮೂರಿನಿಂದ ಕಂಡಕ್ಟರ ಕೈಯಲ್ಲಿ ಕಳಿಸಿಕೊಟ್ಟರು. ತಾವು ಮಾತ್ರ ಬರಲಿಲ್ಲ.

ನಾನು ಆ ಕ್ಲಿನಿಕ್ಕಿನಲ್ಲಿ ಚೀಟಿ ಬರೆದು ಹೆಸರು ಕರೆಯುವವಳು. ನಾಲ್ಕು ವರ್ಷ ಜನರ ಭಯವನ್ನೇ ನೋಡಿದ್ದೇನೆ. ಮೀಸೆ ತಿರುವುವ ಗಂಡಸರೂ ಒಳಗಿನ ಮೆಷಿನ್ ಸದ್ದು ಕೇಳಿದರೆ ನನ್ನ ಟೇಬಲ್ ಅಂಚು ಹಿಡಿದುಕೊಳ್ಳುತ್ತಾರೆ. ಅವರ ಜೊತೆ ನಿಧಾನಕ್ಕೆ ಮಾತಾಡುತ್ತಿದ್ದರೆ ಹಿಡಿತ ಸಡಿಲವಾಗುತ್ತದೆ. ಅದು ಯಾಕೆ ಅಂತ ಹುಡುಕುತ್ತಾ ಹೋಗಿ ಸಿಕ್ಕಿದ್ದು ಸಂಮೋಹನ ಚಿಕಿತ್ಸೆ, ಹಿಪ್ನೋಥೆರಪಿ. ಮೊದಲು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಆಮೇಲೆ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿದೆ. ಕೊನೆಗೆ ಭಾನುವಾರಗಳಂದು ಆನ್‌ಲೈನಿನಲ್ಲಿ ನಡೆಯುವ ಒಂದು ತರಬೇತಿಗೆ ಸೇರಿದೆ.

ಅವ್ವ ಬೀದಿಗೆಲ್ಲ ಸುದ್ದಿ ಹಂಚಿದ್ದು ಹೀಗೆ: “ನನ್ ಮಗಳು ವಶೀಕರಣ ಕಲಿತಾವ್ಳೆ ಕಣ್ರಿ. ಮೊದ್ಲು ನೀರಿನ ಟ್ಯಾಂಕರ್‌ನೋನ್ನ ವಶ ಮಾಡ್ಕೊಡು ಅಂದೀನಿ.”

ತರಬೇತಿ ಮುಗಿಯಲು ಒಬ್ಬರ ನಿಜವಾದ ಭಯದ ಜೊತೆ ಕೆಲಸ ಮಾಡಿ ವರದಿ ಬರೆಯಬೇಕಿತ್ತು. ಅಷ್ಟರಲ್ಲಿ ದೊಡ್ಡಮ್ಮನ ಕೆನ್ನೆ ಮತ್ತೆ ಊದಿತು. ಹದಿನೈದು ದಿನದಿಂದ ಗಂಜಿ ಬಿಟ್ಟು ಬೇರೇನೂ ತಿನ್ನಲಾಗುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟು ಊತ ಇಳಿಸಿ ನನಗೆ ಹೇಳಿದರು: “ಈ ಹಲ್ಲು ತೆಗೀಲೇಬೇಕಮ್ಮ. ಇನ್ನೊಂದ್ ಸಲ ಓಡಿದ್ರೆ ನಾನು ಮುಟ್ಟಲ್ಲ, ದಾವಣಗೆರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ.”

ದೊಡ್ಡಮ್ಮನಿಗೆ ಅದನ್ನು ತಿಳಿಸಿದೆ. “ದಾವಣಗೆರೆಗಾ? ಹಲ್ಲಿನ ಜೊತೇಗೇ ಸಾಯ್ತೀನಿ ಬಿಡು,” ಅಂದರು. ಅವರ ಮಾತನ್ನು ನಾನು ತಮಾಷೆ ಅಂತ ತೆಗೆದುಕೊಳ್ಳಲಿಲ್ಲ. ಅವರು ಹಟಕ್ಕೆ ಬಿದ್ದರೆ ಹಟವೇ.

ಸೂಜಿ ಇಲ್ಲ, ಬರೀ ಮಾತು ಅಂತ ಆಣೆ ಮಾಡಿ ಚಳ್ಳಕೆರೆಯ ನಮ್ಮ ಮನೆಗೆ ಕರೆಸಿದೆ. ಟಿವಿ ಬಂದ್, ಫ್ಯಾನ್ ಬಂದ್, ಕಿಟಕಿ ಬಂದ್. ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದನ್ನು ದನಿ ತಗ್ಗಿಸಿ ಶುರು ಮಾಡಿದೆ. “ಕಣ್ಣು ಮುಚ್ಚಿ. ನೀವೀಗ ಸಮುದ್ರದ ದಂಡೇಲಿದೀರ. ಅಲೆ ಬರ್ತಾ ಐತೆ.”

“ನಾ ಕಂಡಿರೋ ಸಮುದ್ರ ಜಾತ್ರೆ ಮಾಡೋ ಊರು ಗೌರಸಮುದ್ರ ಒಂದೇ ಕಣೆ,” ಅಂದರು ಕಣ್ಣು ಮುಚ್ಚಿಕೊಂಡೇ. “ಅಲ್ಲಿ ಅಲೆ ಎಲ್ಲಿಂದ ತರ್ಲಿ?”

ಬಿಡದೆ ಹತ್ತರಿಂದ ಕೆಳಗೆ ಎಣಿಸಿದೆ. ಹತ್ತು, ಒಂಬತ್ತು, ಎಂಟು. ಅವರ ಭುಜ ಇಳಿಯುತ್ತಿತ್ತು. ನನಗೋ ಖುಷಿ ಉಕ್ಕಿ, ಆರು ಅಂದೆ. ತಟ್ಟನೆ ಕಣ್ಣು ಬಿಟ್ಟರು.

“ಎಂಟಾದ್ಮೇಲೆ ಆರು ಅಂದೆ. ಒಂದೆಳೆ ಬಿಟ್ಟೆ. ಬಿಚ್ಚಿ ಮೊದ್ಲಿಂದ ಹಾಕು.”

ಅವರು ಲೆಕ್ಕ ಹಾಕುವುದು ತೆಲುಗಿನಲ್ಲಿ. ಅದೇ ತೊಡಕಿರಬೇಕು ಅಂದುಕೊಂಡು ತೆಲುಗಿನಲ್ಲೇ ಎಣಿಸಿದೆ. ಇನ್ನೂ ಕೆಟ್ಟಿತು. ಅವರೂ ನನ್ನ ಜೊತೆ ಬೆರಳು ಮಡಿಸುತ್ತಾ “ಆರು, ಐದು, ನಾಲುಗು” ಅಂತ ಎಣಿಸಿ, ಒಂದಕ್ಕೆ ಬರುವಷ್ಟರಲ್ಲಿ ನನಗಿಂತ ಚುರುಕಾಗಿ ಎಚ್ಚರವಾಗಿದ್ದರು. “ಚೆನ್ನಾಗೈತೆ ನಿನ್ನ ವಿದ್ಯೆ. ನಿದ್ದೆ ಬರ್ತಿತ್ತು, ಅದೂ ಹೋಯ್ತು,” ಅಂದು ಕಾಫಿ ಕುಡಿದು ಎದ್ದರು.

ಅವತ್ತು ನನಗೆ ಅಳು ಬಂದದ್ದು ನಿಜ. ಆದರೆ “ಒಂದೆಳೆ ಬಿಟ್ಟೆ” ಅಂದ ಅವರ ಮಾತು ತಲೆಯಲ್ಲಿ ಉಳಿಯಿತು. ಸೀರೆಯ ಮೈಮೇಲೆ ಎಳೆ ಎಣಿಸಿ ಬುಟ್ಟಾ ಹೂವು ಕೂರಿಸುವವರಿಗೆ ಎಣಿಕೆ ಅಂದರೆ ವಿಶ್ರಾಂತಿಯಲ್ಲ, ಕೆಲಸ. ಒಂದೆಳೆ ತಪ್ಪಿದರೆ ಹೂವು ಸೊಟ್ಟ. ಎಣಿಸಿ ಮಲಗಿಸುತ್ತೇನೆಂದು ಹೊರಟ ನಾನು ಅವರನ್ನು ಕೆಲಸಕ್ಕೆ ಹಚ್ಚಿದ್ದೆ.

ಮುಂದಿನ ರಜೆಯ ದಿನ ತಳಕು, ಹಾನಗಲ್ ದಾಟಿ ಮೊಳಕಾಲ್ಮೂರಿಗೆ ಹೋದೆ. ದೊಡ್ಡಮ್ಮ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವತ್ತು ಬುಟ್ಟಾ ಇರಲಿಲ್ಲ, ಎಣಿಕೆ ಬೇಡದ ಬರೀ ಒಡಲು, ಸೀರೆಯ ಸಾದಾ ಮೈ. ಕಾಲು ತುಳಿಯುತ್ತಿತ್ತು, ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು, ಹಣಿಗೆ ನೂಲನ್ನು ಬಡಿದು ಕೂರಿಸುತ್ತಿತ್ತು. ನಾನು ಎರಡು ಸಲ ಕರೆದೆ. ಕೇಳಿಸಲಿಲ್ಲ. ಕಣ್ಣು ತೆರೆದೇ ಇತ್ತು, ರೆಪ್ಪೆ ಬಡಿಯುವುದು ಕಡಿಮೆಯಾಗಿತ್ತು, ಉಸಿರು ಹೊಟ್ಟೆಯಿಂದ ಬರುತ್ತಿತ್ತು. ಪುಸ್ತಕದಲ್ಲಿ ನಾನು ಓದಿದ ಲಕ್ಷಣಗಳೆಲ್ಲ ಅಲ್ಲಿ ಕೂತು ಸೀರೆ ನೇಯುತ್ತಿದ್ದವು. ಪಕ್ಕದ ಮನೆಯ ಮಗ್ಗ ಯಾಕೋ ಗಕ್ಕನೆ ನಿಂತಿತು. ದೊಡ್ಡಮ್ಮ ಕೂಡಲೇ ತಲೆ ಎತ್ತಿ, “ಯಾಕೆ, ಎಳೆ ಹರೀತಾ?” ಅಂತ ಗೋಡೆಯಾಚೆಗೆ ಕೂಗಿದರು. ಆಮೇಲೆ ನನ್ನ ಕಡೆ ನೋಡಿ, “ನೀ ಯಾವಾಗ ಬಂದೆ?” ಅಂದರು.

ಸದ್ದು ಅವರನ್ನು ಒಳಗೆ ಕರೆದೊಯ್ಯುತ್ತದೆ, ನಿಶ್ಶಬ್ದ ಎಬ್ಬಿಸುತ್ತದೆ. ನಾನು ಫ್ಯಾನೂ ಬಂದ್ ಮಾಡಿ ಕೂರಿಸಿದ್ದೆ ನೋಡಿ! ಗೋಡೆಗೆ ಮೊಬೈಲ್ ಆನಿಸಿ ಪಕ್ಕದ ಮನೆಯ ಮಗ್ಗದ ಸದ್ದನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ. “ನಾಳಿದ್ದು ಲಾಳಿ ತಗೊಂಡು ಕ್ಲಿನಿಕ್ಕಿಗೆ ಬಾ. ಎಣಿಸಲ್ಲ, ಸಮುದ್ರಾನೂ ಇಲ್ಲ,” ಅಂದೆ. “ಕೊನೇ ಸಲ,” ಅಂದರು.

ಡಾಕ್ಟರು ನನಗೆ ಹತ್ತು ನಿಮಿಷ ಕೊಟ್ಟರು. ನೋವು ತಡೆಯಲು ಅವರ ಇಂಜೆಕ್ಷನ್ ಬೇಕೇ ಬೇಕು. ದೊಡ್ಡಮ್ಮನನ್ನು ಆ ಕುರ್ಚಿಯಲ್ಲಿ ಉಳಿಸುವುದಷ್ಟೇ ನನ್ನ ಕೆಲಸ. ಲಾಳಿಯನ್ನು ಅವರ ಕೈಗೆ ಕೊಟ್ಟೆ, ಮಗ್ಗದ ಸದ್ದು ಹಾಕಿ ಮೊಬೈಲನ್ನು ದಿಂಬಿನ ಪಕ್ಕ ಇಟ್ಟೆ. “ಬುಟ್ಟಾ ಇಲ್ಲ, ಬರೀ ಒಡಲು,” ಅಂದೆ. “ಹಾಸಿನ ನೂಲು ಬಿಗಿಯಾಗೈತೆ. ಒಂದೆಳೀನೂ ಹರಿದಿಲ್ಲ. ಸಂಜೆತಂಕ ಯಾರೂ ಕರಿಯಲ್ಲ ನಿನ್ನ.” ಭುಜ ಇಳಿಯಿತು. ಉಸಿರು ಹೊಟ್ಟೆಗೆ ಹೋಯಿತು. ಸೂಜಿ ಬಂದು ಹೋಯಿತು, ಅವರು ಏಳಲಿಲ್ಲ.

“ಕಾಲು ಯಾಕಮ್ಮ ಅಲ್ಲಾಡ್ತಾ ಐತೆ?” ಅಂತ ಡಾಕ್ಟರು ಮೆಲ್ಲಗೆ ಕೇಳಿದರು.

“ನೇಯ್ತಾ ಇದಾರೆ ಸರ್. ಬಿಡಿ.”

ದವಡೆ ಮರಗಟ್ಟಲು ಕಾದದ್ದರಲ್ಲೇ ರೆಕಾರ್ಡಿಂಗಿನ ಮುಕ್ಕಾಲು ಪಾಲು ಕಳೆದಿತ್ತು. ಡಾಕ್ಟರು ಇಕ್ಕಳ ಹಾಕಿ ಹಲ್ಲು ಅಲ್ಲಾಡಿಸುತ್ತಿದ್ದಾಗ ಮೊಬೈಲಿನ ಹತ್ತು ನಿಮಿಷ ಮುಗಿಯಿತು. ಮಗ್ಗ ನಿಂತಿತು. ದೊಡ್ಡಮ್ಮನ ಕಾಲೂ ನಿಂತಿತು. ರೆಪ್ಪೆ ಅದುರಿತು. ಮತ್ತೆ ಹಾಕೋಣ ಅಂದರೆ ಮೊಬೈಲ್ ಡಾಕ್ಟರ ಮೊಣಕೈ ಕೆಳಗಿತ್ತು. ನಾನು ಪಕ್ಕದ ಮರದ ಕಪಾಟನ್ನು ಅಂಗೈಯಿಂದ ಬಡಿಯತೊಡಗಿದೆ. ಟಕ್, ಟಕ್, ಧಡ್. ಟಕ್, ಟಕ್, ಧಡ್. ಡಾಕ್ಟರು ಒಮ್ಮೆ ನನ್ನ ಕಡೆ ನೋಡಿ ಮತ್ತೆ ಹಲ್ಲಿನ ಮೇಲೆ ಬಗ್ಗಿದರು. ಹೊರಗೆ ಕಾಯುತ್ತಿದ್ದವರಲ್ಲಿ ಯಾರೋ, “ಒಳಗೆ ಹಲ್ಲು ಕೀಳ್ತಾವ್ರೋ ಬಾಗಿಲು ಮಾಡ್ತಾವ್ರೋ ಲೇ,” ಅಂದದ್ದು ಕೇಳಿಸಿತು. ನನ್ನ ಅಂಗೈ ಉರಿಯುವಷ್ಟರಲ್ಲಿ ದೊಡ್ಡಮ್ಮನ ಕಾಲು ಮತ್ತೆ ತುಳಿಯಲು ಶುರು ಮಾಡಿತ್ತು. ಹಲ್ಲು ತಟ್ಟೆಗೆ ಬಿತ್ತು.

ಡಾಕ್ಟರು ಇಟ್ಟ ಹತ್ತಿಯನ್ನು ದೊಡ್ಡಮ್ಮ ಕಚ್ಚಿ ಹಿಡಿದರು. ಕುರ್ಚಿಯಿಂದ ಇಳಿದು ಹಸಿರು ಬಟ್ಟೆಯನ್ನು ತಾವೇ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟರು. ಡಾಕ್ಟರು ಕೈ ತೊಳೆಯುತ್ತಾ, “ಬುಧವಾರ ಇನ್ನೊಬ್ರು ಹೆದರೋರು ಬರ್ತಾರೆ, ನೀನು ಒಳಗೇ ಇರು,” ಅಂದರು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಒಳಗಿರು ಅಂದದ್ದು ಅದೇ ಮೊದಲು. ಬಸ್‌ ಸ್ಟ್ಯಾಂಡಿಗೆ ನಡೆಯುವಾಗ ಖುಷಿಗೆ ನೆಲ ನನ್ನ ಕಾಲಿಗೆ ಸಿಗುತ್ತಿರಲಿಲ್ಲ.

ಬೆಂಚಿನ ಮೇಲೆ ಕೂತು, ಹೊತ್ತು ನೋಡಿ, ದೊಡ್ಡಮ್ಮ ಹತ್ತಿ ತೆಗೆದರು. ನಾಲಿಗೆಯಿಂದ ಖಾಲಿ ಜಾಗ ಮುಟ್ಟಿ ನೋಡಿಕೊಂಡರು. ಆಮೇಲೆ ತೊದಲುತ್ತಾ ಹೇಳಿದರು:

“ಕೊನೀಗೆ ಯಾರ್ದೋ ಹೊಸಬರ ಮಗ್ಗ ಕೇಳ್ತು ಕಣೆ. ಬಡಿತ ಸಡಿಲ.”

ನಾನು ಉರಿಯುತ್ತಿದ್ದ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡೆ.

“ಆದ್ರೂ ನಿಲ್ಲಿಸ್ಲಿಲ್ಲ ನೋಡು,” ಅಂದರು ದೊಡ್ಡಮ್ಮ. “ಕಲ್ತ್ಕಂತಾರೆ ಬಿಡು.”