ಇನ್ನೂರು ಎಂಬಿಯ ಬಾಕ್ಸು

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಗೌಡರಿಗೆ ನಾನೊಂದು ವಿಜೆಟ್ ಮಾಡಿದ್ದೆ. ಅವರ ಕೋಲ್ಡ್ ಸ್ಟೋರೇಜು ಎಷ್ಟು ತಂಪಿದೆ ಎಂದು ಕಂಪ್ಯೂಟರಿನ ಮೂಲೆಯಲ್ಲಿ ಸದಾ ತೋರಿಸುವಂಥದ್ದು. ಯಾವ ಕಂಪ್ಯೂಟರಿನಲ್ಲಾದರೂ ಓಡಲಿ ಎಂದು ಬೇಕಾದ ಸರಂಜಾಮನ್ನೆಲ್ಲ ಒಂದೇ ಫೈಲಿಗೆ ತುಂಬಿ, ಪೆನ್‌ಡ್ರೈವ್‌ನಲ್ಲಿ ಒಯ್ದೆ. ಚಹಾ ಕುಡಿದು ಮುಗಿದರೂ ಅವರ ಹಳೇ ಕಂಪ್ಯೂಟರಿಗೆ ಅದು ಕಾಪಿ ಆಗಿರಲಿಲ್ಲ.

"ಎಷ್ಟ ದೊಡ್ಡದೈತ್ರಿ ಇದು?"

"ಇನ್ನೂರು ಎಂಬಿ ರೀ."

"ತೋರ್ಸೂದು ಎರಡ ಅಂಕಿ. ಅದಕ್ಕ ಇಷ್ಟ?"

"ರೊಟ್ಟಿ ಒಂದ ರೀ ಗೌಡ್ರ, ಆದ್ರ ಒಲಿ, ಹಂಚು, ಹಿಟ್ಟು ಎಲ್ಲಾ ಕೂಡೇ ಕಟ್ಟೇನಿ. ಎಲ್ಲಿಟ್ರೂ ನಡೀತೈತ್ರಿ."

ಗೌಡರು ಗೋಡೆಗೆ ಒಟ್ಟಿದ್ದ ತಮ್ಮ ಬಾಕ್ಸುಗಳನ್ನು ನೋಡಿದರು. "ನಾ ಹಿಂಗ ಪ್ಯಾಕ್ ಮಾಡಿ ಕಳ್ಸಿದ್ರ ಗಿರಾಕಿ ಸುಮ್ನ ಬಿಡ್ತಾರೇನ್ರಿ?"

ಹೊರಟಾಗ ಹದಿನೈದು ಕಿಲೋ ಹಿಡಿಯುವ ಬಾಕ್ಸೊಂದನ್ನು ಟೇಪು ಸುತ್ತಿ ಕೈಗಿಟ್ಟರು. ಹಗುರವಿತ್ತು. ಮಾಲು ಚೆನ್ನಾಗಿ ಒಣಗಿದೆ ಅಂದುಕೊಂಡು ವಿಜಯಪುರದವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಯಲ್ಲಿ ಬಿಚ್ಚಿದರೆ ಬರೀ ಹಳೇ ಪೇಪರು. ತಳದಲ್ಲಿ ಒಂದು ಹಿಡಿ ದ್ರಾಕ್ಷಿ, ಜೊತೆಗೊಂದು ಚೀಟಿ: "ಎಲ್ಲಿಟ್ರೂ ನಡೀತೈತ್ರಿ."

ಮುಂದಿನ ಸಲ ಒಯ್ದ ಫೈಲು ನಲವತ್ತು ಎಂಬಿ ಇತ್ತು. ಆ ಸಲದ ಬಾಕ್ಸನ್ನು ಬಸ್ಸಿಗೆ ಏರಿಸಲು ಕಂಡಕ್ಟರೂ ಕೈ ಹಚ್ಚಬೇಕಾಯಿತು.