ಮತ್ತೆ ಕರೆಸಿಕೊಂಡ ಕೋಚ್ ಸಾಹೇಬರು

ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಬಟ್ಟೆ ಒಗೆದವರ ಬೆರಳು ಗಂಟೆಯೊಳಗೆ ಸರಿಹೋಗುತ್ತದೆ, ಇವರದು ಕೊನೆಯವರೆಗೂ ಸರಿಹೋಗಲಿಲ್ಲ. ನಲವತ್ತು ವರ್ಷ ಬಿಸಿನೀರಿನ ಬೇಸಿನ್ನಿಗೆ ಕೈ ಹಾಕಿ ರೇಷ್ಮೆ ಗೂಡಿನಿಂದ ಎಳೆ ತೆಗೆದ ಬೆರಳುಗಳು ಅವು. ಹೊಗೆಯಾಡುವ ಚಹಾದ ಲೋಟವನ್ನು ಅಂಚು ಹಿಡಿಯದೆ, ಇಡೀ ಅಂಗೈಯಲ್ಲಿ ಅಮುಕಿಕೊಂಡು ಕುಡಿಯುತ್ತಿದ್ದರು. ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಅಭ್ಯಾಸದಿಂದಲೋ ಏನೋ, ಫುಟ್‌ಬಾಲನ್ನೂ ಕಿವಿಗೆ ಹಿಡಿದು ಎರಡು ಸಲ ತಟ್ಟಿ, ಗಾಳಿ ಸಾಕೋ ಸಾಲದೋ ಹೇಳಿಬಿಡುತ್ತಿದ್ದರು.

ರಾಮನಗರದಲ್ಲಿ ಅವರದೊಂದು ಸಣ್ಣ ಫಿಲೇಚರ್ ಇತ್ತು. ಗೂಡು ಬೇಯಿಸಿ ನೂಲು ತೆಗೆಯುವ ಆ ಜಾಗಕ್ಕೆ ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಬೆಳಗಿನ ನಮಾಜು ಮುಗಿಸಿ ಮೈದಾನ, ಅಲ್ಲಿಂದ ಗೂಡಿನ ಮಾರುಕಟ್ಟೆ, ಆಮೇಲೆ ಸಂಜೆಯವರೆಗೂ ಬೇಸಿನ್ನು. ಊರಿನವರು ಅವರನ್ನು ಸಾಬ್ರು ಎನ್ನುತ್ತಿದ್ದರು, ಆಟಗಾರರು ಉಸ್ತಾದ್ ಎನ್ನುತ್ತಿದ್ದರು, ನಾನು ಸಾಹೇಬರು ಎನ್ನುತ್ತಿದ್ದೆ. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಅವರು ಎರಡು ಸಲ ಕೋಚ್ ಆಗಿದ್ದರು. ಮೊದಲ ಸಲ ಹದಿನಾಲ್ಕು ವರ್ಷ, ಎರಡನೇ ಸಲ ಒಂದು ವರ್ಷವೂ ಪೂರ್ತಿಯಾಗಲಿಲ್ಲ. ನಡುವಿನ ಮೂರು ವರ್ಷ ನಾವೇ ಅವರನ್ನು ಬಿಡಿಸಿದ್ದೆವು. ನಾವು ಎಂದರೆ ಕಮಿಟಿಯ ಐದು ಜನ. ಅದರಲ್ಲಿ ನಾನು ಕಾರ್ಯದರ್ಶಿ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು ನಾನು, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕ್ಲಬ್ಬಿನ ಪತ್ರವ್ಯವಹಾರವೆಲ್ಲ ನನ್ನ ತಲೆಗೆ ಬಿತ್ತು.

ಮೇಷ್ಟ್ರಾಗುವ ಮುಂಚೆ ನಾನೂ ಆ ತಂಡದಲ್ಲಿ ಗೋಲ್‌ಕೀಪರ್, ನಮ್ಮ ಮಾತಿನಲ್ಲಿ ಗೋಲಿ, ಆಗಿದ್ದೆ. ಒಳ್ಳೆಯ ಗೋಲಿ ಎಂದು ಯಾರೂ ಹೇಳಿಲ್ಲ, ನಾನೂ ಹೇಳಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಒಂದು ಪಂದ್ಯದಲ್ಲಿ ಅರ್ಧ ಆಟ ಮುಗಿಯುವುದರೊಳಗೆ ಮೂರು ಗೋಲು ಬಿಟ್ಟೆ. ಎರಡಂತೂ ಕಾಲ ಸಂದಿಯಲ್ಲೇ ಹೋದವು. ವಿರಾಮದಲ್ಲಿ ಗ್ಲೌಸ್ ಬಿಚ್ಚಿ ಅವರ ಮುಂದಿಟ್ಟು, ಬೇರೆಯವನನ್ನು ಇಳಿಸಿ ಎಂದೆ. ಅವರು ಗ್ಲೌಸಿನ ಕಡೆ ನೋಡಲೂ ಇಲ್ಲ. “ಆಚೆ ಕೂತ್ಕಂಡ್ರೆ ಕೈ ಸರಿಹೋಯ್ತದೇನ್ಲಾ? ಹೋಗಿ ನಿಂತ್ಕೊ” ಎಂದರು. ಹೋಗಿ ನಿಂತೆ. ನಾಲ್ಕನೆಯದೂ ಹೋಯಿತು. ಐದನೆಯದನ್ನು ಹಿಡಿದೆ.

ಅವರ ವಿದ್ಯೆಯೆಲ್ಲ ಬೇಸಿನ್ನಿನಿಂದ ಬಂದದ್ದು. ಬೇಸಿನ್ನಿನಲ್ಲಿ ಎಳೆ ಹರಿದರೆ ಹರಿಯಿತಲ್ಲ ಎಂದು ಯಾರೂ ಬೈಯುತ್ತಾ ಕೂರುವುದಿಲ್ಲ. ತುದಿ ಹುಡುಕಿ ಕಟ್ಟುತ್ತಾರೆ, ರಾಟೆ ತಿರುಗುತ್ತಲೇ ಇರುತ್ತದೆ. ಮೈದಾನದಲ್ಲೂ ಅಷ್ಟೇ, ಒಬ್ಬ ಚೆಂಡು ಕಳೆದುಕೊಂಡರೆ ಹತ್ತಿರದ ಇಬ್ಬರು ಓಡಿ ಅವನ ಪಕ್ಕ ಸೇರಬೇಕು, ಅವನನ್ನು ಒಂಟಿ ಬಿಡಬಾರದು. ಅದಕ್ಕೆ ಅವರು ಗೆರೆಯಾಚೆಯಿಂದ ಕೂಗುತ್ತಿದ್ದದ್ದು ಒಂದೇ ಮಾತು: ಕಟ್ಟು. ತೊಂಬತ್ತು ನಿಮಿಷದಲ್ಲಿ ನೂರು ಸಲ ಕೂಗುತ್ತಿದ್ದರು. ಎದುರು ತಂಡದವರು ನಗುತ್ತಿದ್ದರು. ಆದರೂ ಆ ಒಂದು ಮಾತಿನಿಂದಲೇ ನಮ್ಮ ಕ್ಲಬ್ಬು ಬೆಂಗಳೂರಿನ ಲೀಗಿನಲ್ಲಿ ಕೆಳಗಿನ ಡಿವಿಷನ್ನಿನಿಂದ ಮೇಲಿನದಕ್ಕೆ ಹತ್ತಿತು.

ಹತ್ತಿದ ಮೇಲೆ ನಮಗೆ ಆಸೆ ಹೆಚ್ಚಾಯಿತು. ಎರಡು ವರ್ಷ ಪಟ್ಟಿಯ ನಡುವೆಯೇ ಉಳಿದೆವು. ಹೊಸ ಅಧ್ಯಕ್ಷರು ಬಂದರು, ಮಾಗಡಿಯಲ್ಲಿ ಕಲ್ಯಾಣ ಮಂಟಪ ಇಟ್ಟುಕೊಂಡಿದ್ದವರು. ಕೋಚ್ ಎಂದರೆ ಸರ್ಟಿಫಿಕೇಟು ಇರಬೇಕು, ಕೈಯಲ್ಲಿ ಲ್ಯಾಪ್‌ಟಾಪ್ ಇರಬೇಕು ಎಂದು ಅವರು ಬಂದ ದಿನವೇ ಹೇಳಿದರು. ಐದು ಜನರೂ ತಲೆಯಾಡಿಸಿದೆವು. ಪತ್ರ ಬರೆದವನು ನಾನು. ‘ಕ್ಲಬ್ಬಿನ ಹಿತದೃಷ್ಟಿಯಿಂದ ತಮ್ಮ ಸೇವೆಯ ಅಗತ್ಯ ಇನ್ನು ಮುಂದೆ ಇರುವುದಿಲ್ಲ’ ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದು, ಫಿಲೇಚರಿಗೆ ಹೋಗಿ ಕೈಗೆ ಕೊಟ್ಟೆ. ಅವರ ಮನೆಮಾತು ಉರ್ದು. ಕನ್ನಡ ಸರಾಗವಾಗಿ ಆಡುತ್ತಿದ್ದರು, ಓದುವಾಗ ಮಾತ್ರ ಅಕ್ಷರ ಅಕ್ಷರವನ್ನೂ ಕೂಡಿಸಬೇಕಿತ್ತು. ಒಂದು ಸಾಲು ಕೂಡಿಸಿ ಸಾಕಾಗಿ, ನೀವೇ ಓದಿ ಎಂದು ನನಗೇ ವಾಪಸು ಕೊಟ್ಟರು.

ನಾನು ಓದಿದೆ. ಬೇಸಿನ್ನುಗಳ ಹಬೆಯಲ್ಲಿ ನಿಂತು, ಕೆಲಸದವರು ಕೇಳಿಸಿಕೊಳ್ಳುತ್ತಿರುವಾಗ, ಅವರನ್ನು ಬಿಡಿಸಿದ ಪತ್ರವನ್ನು ಅವರಿಗೇ ಓದಿ ಹೇಳಿದೆ.

“ಅಗತ್ಯ ಅಂದ್ರೆ ಬೇಕು ಅಂತಾನಾ ಮೇಷ್ಟ್ರೇ?” ಎಂದು ಕೇಳಿದರು. ಹೌದು ಎಂದೆ. “ಬೇಡ ಅಂತ ಬರ್ದಿದ್ರೆ ನಾನೇ ಓದ್ಕತಿದ್ದೆ” ಎಂದು ಹೇಳಿ, ಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಬೇಸಿನ್ನಿನ ಕಡೆ ತಿರುಗಿದರು.

ಆಮೇಲಿನ ಮೂರು ವರ್ಷದಲ್ಲಿ ಇಬ್ಬರು ಕೋಚ್ ಬಂದು ಹೋದರು. ಇಬ್ಬರೂ ತಿಳಿದವರೇ, ಅವರ ಮೇಲೆ ದೂರು ಹೇಳುವುದು ಸುಳ್ಳಾಗುತ್ತದೆ. ಹಳೆಯ ಆಟಗಾರರು ಬಿಟ್ಟರು, ಹೊಸಬರು ಬಂದರು. ಹಾರೋಹಳ್ಳಿಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿ ಬರುವವರು, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಆದರೆ ಮೂರನೇ ವರ್ಷ ಎಂಟು ಪಂದ್ಯ ಬಾಕಿ ಇರುವಾಗ ನಾವು ಪಟ್ಟಿಯ ತಳದಲ್ಲಿದ್ದೆವು. ಎರಡನೇ ಕೋಚ್ ಬೇರೆ ಕೆಲಸ ಸಿಕ್ಕಿತೆಂದು ಹೊರಟರು. ಸಾಬ್ರನ್ನೇ ಕರೆಸೋಣ ಎಂದು ಮೊದಲು ಬಾಯಿಬಿಟ್ಟವರು ಅಧ್ಯಕ್ಷರೇ.

ಸುದ್ದಿ ಹಬ್ಬಿದ ಮೇಲೆ ಮೈದಾನದ ಪಕ್ಕದ ಚಹಾದಂಗಡಿಯಲ್ಲಿ ಒಂದು ವಾರ ಅದೇ ಮಾತು. ಹಳಬರು, ಅವರು ಬಂದರೆ ಸಾಕು ಹುಡುಗರು ಜೀವ ಕೊಟ್ಟು ಆಡುತ್ತಾರೆ ಎಂದರು. ಈಗಿನ ಆಟವೇ ಬೇರೆ, ಮೊಬೈಲಿನಲ್ಲಿ ಯೂರೋಪಿನ ಪಂದ್ಯ ನೋಡುವ ಹುಡುಗರಿಗೆ ಇವರು ಏನು ಹೇಳಿಕೊಡುತ್ತಾರೆ ಎಂದವರೂ ಇದ್ದರು. ಬಿಡಿಸಿದ ಕಡೆಗೆ ಮಾನ ಇರುವವರು ವಾಪಸು ಬರುವುದಿಲ್ಲ ಎಂದು ಅಂಗಡಿಯವರು ಹೇಳಿದರು. ನಾನು ಕಾಗದದ ಮೇಲೆ ಪಾಯಿಂಟು ಕೂಡಿ ಕಳೆದು, ಎಂಟರಲ್ಲಿ ಐದು ಗೆಲ್ಲದೆ ಉಳಿಗಾಲವಿಲ್ಲ, ಐದು ಗೆಲ್ಲುವ ತಂಡ ಇದಲ್ಲ ಎಂದು ತೀರ್ಮಾನಿಸಿದ್ದೆ. ಇಷ್ಟೆಲ್ಲ ತೀರ್ಮಾನವಾದ ಮೇಲೆ ಅಧ್ಯಕ್ಷರೂ ನಾನೂ ಅವರ ಮನೆಗೆ ಹೋದೆವು.

ಅವರು ಸ್ವಲ್ಪ ಇಳಿದಿದ್ದರು. ಹಬೆಯಲ್ಲಿ ಕೂತು ಕೂತು ಉಬ್ಬಸ ಹತ್ತಿತ್ತು. ಅಧ್ಯಕ್ಷರು ಹಿಂದಿನದೆಲ್ಲ ಮರೆತುಬಿಡಿ, ಮತ್ತೆ ಬನ್ನಿ ಎಂದು ಎರಡೆರಡು ಸಲ ಹೇಳಿದರು. ಸಾಹೇಬರು ಸಂಬಳ ಕೇಳಲಿಲ್ಲ, ಕ್ಷಮೆಯನ್ನೂ ಕೇಳಿಸಲಿಲ್ಲ. ಒಂದೇ ಷರತ್ತು ಹಾಕಿದರು. “ಎಂಟಾದ್ರೆ ಎಂಟೂ ನಾನೇ ಆಡಿಸ್ತೀನಿ. ನಡೂಕೆ ಬುಡಿಸೋದಾದ್ರೆ ಈಗ್ಲೇ ಎದ್ ಹೋಗ್ಬುಡಿ.” ಅಧ್ಯಕ್ಷರು ಮಾತು ಕೊಟ್ಟರು. ನಾನು ಅದನ್ನು ಮರುದಿನವೇ ಕಮಿಟಿಯ ಪುಸ್ತಕದಲ್ಲಿ ಬರೆದಿಟ್ಟೆ.

ಮೊದಲ ಪಂದ್ಯ ನೋಡುವ ಹಾಗಿರಲಿಲ್ಲ. ಬಲ ಅಂಚಿನಲ್ಲಿ ಆಡುವವನು ಕನಕಪುರ ಕಡೆಯವನು, ಹಾರೋಹಳ್ಳಿಯಲ್ಲಿ ಕೆಲಸ, ಜಿಂಕೆಯ ಹಾಗೆ ಓಡುತ್ತಾನೆ. ಸಾಹೇಬರು ಕಟ್ಟು ಎಂದು ಕೂಗಿದಾಗಲೆಲ್ಲ ಇವನು ಪಕ್ಕದವನ ಹತ್ತಿರ ಹೋಗುವುದು ಬಿಟ್ಟು ಒಳಕ್ಕೆ ತಿರುಗಿ ಮೂರು ಜನರ ನಡುವೆ ನುಗ್ಗುತ್ತಿದ್ದ. ಚೆಂಡು ಹೋಗುತ್ತಿತ್ತು. ಇವರು ಇನ್ನೂ ಜೋರಾಗಿ ಕೂಗುತ್ತಿದ್ದರು, ಅವನು ಇನ್ನೂ ಜೋರಾಗಿ ನುಗ್ಗುತ್ತಿದ್ದ. ನಾಲ್ಕು ಗೋಲು ತಿಂದೆವು.

ವಾಪಸು ಬರುವಾಗ ರೈಲಿನಲ್ಲಿ ಅವನನ್ನು ಎದುರಿಗೆ ಕೂರಿಸಿಕೊಂಡು, ಪ್ರತಿ ಸಲವೂ ಯಾಕೆ ಒಳಕ್ಕೇ ನುಗ್ಗುತ್ತಿದ್ದೆ ಎಂದು ಕೇಳಿದರು. ಅವನಿಗೆ ಅಳು ಬರುವುದೊಂದು ಬಾಕಿ.

“ನೀವೇ ಕಟ್ಟು ಕಟ್ಟು ಅಂತಿದ್ರಲ್ಲ ಉಸ್ತಾದ್. ಕಟ್ ಮಾಡ್ದೆ.”

ಹಿಂದಿನ ಕೋಚ್‌ಗಳು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಕೊಟ್ಟಿದ್ದರು. ಅಂಚಿನಲ್ಲಿ ಆಡುವವನು ಒಳಕ್ಕೆ ತಿರುಗುವುದಕ್ಕೆ ಅವರ ಮಾತು ಕಟ್. ದೂರದಿಂದ ಕೂಗಿದರೆ ಎರಡೂ ಒಂದೇ. ಒಬ್ಬರು ಎಳೆ ಜೋಡಿಸು ಎಂದು ಕೂಗುತ್ತಿದ್ದರು, ಇನ್ನೊಬ್ಬ ಕತ್ತರಿಸುತ್ತಿದ್ದ. ಬಿಡದಿ ಬಂದಾಗ ನಗಲು ಶುರುಮಾಡಿದ ಸಾಹೇಬರು ಕೆಮ್ಮು ಹತ್ತುವವರೆಗೂ ನಕ್ಕರು. ಕೂಗುವ ಮಾತನ್ನು ಬದಲಾಯಿಸಿ, ಸೇರು ಎನ್ನಿ ಎಂದು ನಾನು ಸಲಹೆ ಕೊಟ್ಟೆ. ಸೇರು ಎಂದರೆ ಬೀಗರ ಮನೆ ಊಟಕ್ಕೆ ಸೇರಿದ ಹಾಗೆ ನಿಧಾನಕ್ಕೆ ಸೇರುತ್ತಾರೆ ಎಂದು ತಳ್ಳಿಹಾಕಿದರು.

ಮಾತು ಬದಲಾಗಲಿಲ್ಲ, ಹುಡುಗರನ್ನೇ ಫಿಲೇಚರಿಗೆ ಕರೆದುಕೊಂಡು ಹೋದರು. ಒಂದು ವಾರ ಬೆಳಗಿನ ಓಟ ಮುಗಿದ ಮೇಲೆ ಒಬ್ಬೊಬ್ಬರನ್ನೂ ಬೇಸಿನ್ನಿನ ಮುಂದೆ ಕೂರಿಸಿ, ಹರಿದ ಎಳೆಯ ತುದಿ ಹುಡುಕಿ ಕಟ್ಟಿಸಿದರು. ಇದರಿಂದ ಅವರಿಗೆ ಫುಟ್‌ಬಾಲ್ ಬಂತು ಎಂದು ನಾನು ಹೇಳಲಾರೆ. ಬೆರಳು ಸುಟ್ಟುಕೊಂಡರು, ಬೆಂದ ಹುಳುವಿನ ವಾಸನೆಗೆ ಇಬ್ಬರು ವಾಂತಿ ಮಾಡಿಕೊಂಡರು. ಕಟ್ಟು ಎಂದರೆ ಏನು ಎಂಬುದರ ಬಗ್ಗೆ ಮಾತ್ರ ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಅಷ್ಟರಲ್ಲಿ ಮೂರು ಪಂದ್ಯ ಸೋತಾಗಿತ್ತು. ಕಮಿಟಿ ಸೇರಿತು. ಬೆಂಗಳೂರಿನಲ್ಲಿ ಸರ್ಟಿಫಿಕೇಟಿನ ಕೋಚ್ ಒಬ್ಬರು ಖಾಲಿ ಇದ್ದಾರೆ, ಈಗಲೂ ಹೊತ್ತು ಮೀರಿಲ್ಲ ಎಂದು ಅಧ್ಯಕ್ಷರು ಹೇಳಿದರು. ಇಬ್ಬರು ಆ ಕಡೆ, ಇಬ್ಬರು ಈ ಕಡೆ ಆದರು. ಉಳಿದದ್ದು ನನ್ನ ಕೈ. ನಾನೇನು ಧೈರ್ಯವಂತನಲ್ಲ. ಎಂಟೂ ಪಂದ್ಯ ಎಂದು ಮಾತು ಕೊಟ್ಟದ್ದು ಪುಸ್ತಕದಲ್ಲಿದೆ ಎಂದು ಓದಿ ಹೇಳಿದೆ, ಕೈ ಎತ್ತುವಾಗ ಅಧ್ಯಕ್ಷರ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಸಾಹೇಬರು ಉಳಿದರು. ಅಧ್ಯಕ್ಷರು ತಿಂಗಳೊಪ್ಪತ್ತು ನನ್ನ ಜೊತೆ ಮಾತು ಬಿಟ್ಟರು.

ನಾಲ್ಕನೆಯದು ಗೆದ್ದೆವು. ಐದನೆಯದೂ ಗೆದ್ದೆವು. ಆರರಲ್ಲಿ ಸಮ, ಏಳರಲ್ಲಿ ಮತ್ತೆ ಗೆಲುವು. ನಮ್ಮ ಜೊತೆ ತಳದಲ್ಲಿದ್ದವರೂ ಸೋಲುತ್ತಾ ಬಂದದ್ದರಿಂದ ನನ್ನ ಲೆಕ್ಕ ತಪ್ಪಿತ್ತು, ಕೊನೆಯದನ್ನು ಗೆದ್ದರೆ ಉಳಿಯುತ್ತಿದ್ದೆವು. ಚಹಾದಂಗಡಿಯಲ್ಲಿ ಎಲ್ಲರೂ ಮೊದಲೇ ತಮಗೆ ಗೊತ್ತಿತ್ತು ಎನ್ನತೊಡಗಿದರು.

ಕೊನೆಯ ಪಂದ್ಯದ ಹತ್ತನೇ ನಿಮಿಷದಲ್ಲಿ ನಮ್ಮ ಗೋಲಿ, ಚನ್ನಪಟ್ಟಣದ ಬೊಂಬೆ ಕೆಲಸದವನು, ಕೈಗೆ ಬಂದ ಚೆಂಡನ್ನು ಜಾರಿಸಿ ಒಳಗೆ ಬಿಟ್ಟ. ಇನ್ನೈದು ನಿಮಿಷಕ್ಕೆ ಮತ್ತೊಂದನ್ನು ಜಾರಿಸಿದ, ಅದು ಕಂಬಕ್ಕೆ ಬಡಿದು ಆಚೆ ಹೋಯಿತು. ನಾನು ಎದ್ದು ಹೋಗಿ, ಇವನನ್ನು ತೆಗೆಯಿರಿ ಸಾಹೇಬರೇ, ಇನ್ನೊಬ್ಬ ಗೋಲಿ ಇದ್ದಾನೆ ಎಂದೆ.

ಅವರು ಮೈದಾನದಿಂದ ಕಣ್ಣು ತೆಗೆಯಲಿಲ್ಲ.

“ನಿನ್ನ ತೆಗ್ದಿದ್ನೇನ್ಲಾ?”

ನಾನು ಮೇಷ್ಟ್ರಾದ ಮೇಲೆ ಅವರು ನನಗೆ ಏಕವಚನ ಹಚ್ಚಿದ್ದು ಅದೊಂದೇ ಸಲ. ಬಂದು ಬೆಂಚಿನ ಮೇಲೆ ಕೂತೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಅದನ್ನು ನಾನು ಮರೆತೇಬಿಟ್ಟಿದ್ದೆನಲ್ಲ ಎಂದು ಆಶ್ಚರ್ಯವಾಯಿತು.

ಆ ಗೋಲಿ ಆಮೇಲೆ ಒಂದನ್ನೂ ಬಿಡಲಿಲ್ಲ. ಕನಕಪುರದವನು ಒಂದು ಗೋಲು ಹೊಡೆದ. ಒಂದಕ್ಕೊಂದು ಸಮವಾಗಿ ಪಂದ್ಯ ಮುಗಿಯಿತು, ಒಂದು ಪಾಯಿಂಟಿನಲ್ಲಿ ನಾವು ಕೆಳಗಿನ ಡಿವಿಷನ್ನಿಗೆ ಇಳಿದೆವು. ಗೋಲಿಯನ್ನು ಬದಲಾಯಿಸಿದ್ದರೆ ಗೆಲ್ಲುತ್ತಿದ್ದೆವೋ ಏನೋ ಯಾರಿಗೆ ಗೊತ್ತು. ಅವನು ಈಗ ಬೆಂಗಳೂರಿನ ದೊಡ್ಡ ತಂಡವೊಂದಕ್ಕೆ ಆಡುತ್ತಾನೆ.

ಎಂಟು ಪಂದ್ಯದ ಮಾತು ಅಲ್ಲಿಗೆ ಮುಗಿದಿತ್ತು. ಮುಂದುವರಿಸುವುದೋ ಬಿಡಿಸುವುದೋ ಎಂದು ಕಮಿಟಿ ಸೇರಬೇಕಿತ್ತು, ಕೆಳಗಿಳಿದ ಬೇಜಾರಿಗೆ ಯಾರೂ ಸೇರಲಿಲ್ಲ. ಸಾಹೇಬರು ಮಾತ್ರ ಮಾರನೆಯ ವಾರವೇ ಮೈದಾನಕ್ಕೆ ಬಂದು ಓಟ ಶುರುಮಾಡಿಸಿದರು. ಹೀಗೆ ಯಾರೂ ನೇಮಿಸದೆ, ಯಾರೂ ತೆಗೆಯದೆ ಕೆಲವು ತಿಂಗಳು ನಡೆಯಿತು. ಚಳಿಗಾಲದಲ್ಲಿ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆ ಸೇರಿದರು, ಹತ್ತು ದಿನಕ್ಕೆ ತೀರಿಕೊಂಡರು. ಮಸೀದಿಯಿಂದ ಖಬರಸ್ತಾನದವರೆಗೆ ಆ ಹದಿನಾಲ್ಕು ವರ್ಷಗಳಲ್ಲಿ ಅವರ ಕೈಕೆಳಗೆ ಆಡಿದವರೆಲ್ಲ ಹೆಗಲು ಬದಲಾಯಿಸುತ್ತಾ ಹೊತ್ತರು. ನಾನೂ ಸ್ವಲ್ಪ ದೂರ ಹೊತ್ತೆ.

ನಲವತ್ತು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಹತ್ತಿರ ಕೂತು ಮಾತಾಡಿದರು. ನೀವು ಕರೆಯಲು ಬಂದದ್ದು ದೊಡ್ಡ ಉಪಕಾರ ಎಂದರು. ಉಪಕಾರ ನಮ್ಮದಲ್ಲ ಎಂದು ನಾನು ಹೇಳಹೊರಟೆ, ಅವರು ಕೇಳಿಸಿಕೊಳ್ಳಲಿಲ್ಲ.

“ನೀವು ಬುಡಿಸಿದ್ದು ಮನೇಲಿ ಹೇಳ್ಳೇ ಇಲ್ಲ ಮೇಷ್ಟ್ರೇ ಅವ್ರು. ಮೂರ್ ವರ್ಸ ಅದೇ ಹೊತ್ತಿಗೆ ಎದ್ದು, ಶೂ ಹಾಕ್ಕಂಡು, ಪ್ರಾಕ್ಟೀಸ್‌ಗೆ ಹೋಗ್ ಬತ್ತೀನಿ ಅಂತ ಹೊಂಟೋಗೋರು. ಊರಿಗೆಲ್ಲ ಗೊತ್ತಿತ್ತು, ನಂಗೂ ಗೊತ್ತಿತ್ತು. ಎಲ್ಲೋಗಿ ಕೂತಿರ್ತಿದ್ರೋ, ಕೇಳ್ಲಿಲ್ಲ. ಚಾ ಕಾಸಿ ಕೊಟ್ಟು ಕಳಿಸ್ತಿದ್ದೆ. ನೀವ್ ಬಂದ್ ಕರದ್ರಲ್ಲ, ಅದರ ಮಾರ್ನೇ ದಿನ ಚಾ ಕುಡ್ದು, ಇವತ್ತು ಚೆನ್ನಾಗೈತೆ ಕಣೆ ಅಂದ್ರು. ಎಲ್ಲಾ ದಿನದ ಚಾನೇ ಅದು.”

ನಾನು ಗಣಿತದ ಮೇಷ್ಟ್ರು. ಮೂರು ವರ್ಷಕ್ಕೆ ಎಷ್ಟು ಬೆಳಗು ಎಂದು ಲೆಕ್ಕ ಹಾಕುವುದು ನನಗೆ ಕಷ್ಟವಲ್ಲ. ಇದುವರೆಗೂ ಹಾಕಿಲ್ಲ.