ನಿನ್ನೆ ಬನ್ನಿ, ಹಲ್ಲು ಕೀಳುತ್ತೇವೆ

ಆಫೀಸಿಗೆ ಇನ್ನೂ ಕಸ ಗುಡಿಸುವವರೇ ಬಂದಿಲ್ಲ. ಇಡೀ ಕಚೇರಿ ಅಕ್ಕ ಎಂದೇ ಕರೆಯುವ ಹಿರಿಯ ಪ್ರೋಗ್ರಾಮರ್ ಆಗಲೇ ಚಪ್ಪಲಿಯನ್ನು ಮೇಜಿನಡಿ ತಳ್ಳಿ ದೂರುಗಳನ್ನು ಓದುತ್ತಾ ಕೂತಿದ್ದಾರೆ. ಇಂದು ಹಲ್ಲಿನ ಆಸ್ಪತ್ರೆಯೊಂದರ ಗೋಳು. ನಸುಕಿನಲ್ಲೇ ಕೆನ್ನೆ ಊದಿಸಿಕೊಂಡು ಬಂದವರಿಗೆ ಅಲ್ಲಿನ ಕಂಪ್ಯೂಟರ್ ನಿನ್ನೆಯ ತಾರೀಕಿನ ಚೀಟಿ ಕೊಡುತ್ತಿದೆಯಂತೆ.

ಆಸ್ಪತ್ರೆಗಳಿಗೆ ತಂತ್ರಾಂಶ ಬರೆದುಕೊಡುವ ಈ ಕಚೇರಿಯಲ್ಲಿ ಕೋಡಿನ ಫೈಲುಗಳೇ ಸಾವಿರಾರು. ತಪ್ಪು ಯಾವುದರಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹುಡುಗರ ಹೆಣ ಬೀಳುತ್ತದೆ. ಅದಕ್ಕೇ ಅಕ್ಕ ಒಂದು ಪ್ರೋಗ್ರಾಂ ಕಟ್ಟಿದ್ದಾರೆ. ಯಾವ ಹಳೆಯ ದೂರಿಗೆ ಯಾವ ಫೈಲು ರಿಪೇರಿಯಾಯಿತು ಎಂಬುದನ್ನೆಲ್ಲ ಓದಿಕೊಂಡು, ಹೊಸ ದೂರು ಬಂದಾಗ ‘ಮೊದಲು ಇಲ್ಲಿ ನೋಡಿ’ ಎಂದು ಅದು ಹೇಳಬೇಕು. ಆದರೆ ದಾಖಲೆ ನೆಟ್ಟಗಿದ್ದರೆ ತಾನೇ?

“ಸರಿಯಾಯ್ತು ಅಂತ ಬರೆದು ಕೈ ತೊಳ್ಕೊಂಡುಬಿಡ್ತಾರೆ. ಎಲ್ಲಿ ಸರಿಯಾಯ್ತು ಅಂತ ಬರೆಯೋಕೆ ಏನು ಧಾಡಿ ಇವರಿಗೆ?” ಎಂದು ಅಕ್ಕ ಸಿಡುಕುತ್ತಾರೆ. ಎರಡು ವರ್ಷದಿಂದ ಮೇಜು ಮೇಜಿಗೂ ಹೋಗಿ ಪೀಡಿಸಿ ಬರೆಸಿದ್ದಾರೆ. ಅವರು ಎದ್ದು ಬಂದರೆ ಸಾಕು, ಅರ್ಧ ಆಫೀಸಿಗೆ ಶೌಚಾಲಯಕ್ಕೆ ಅವಸರವಾಗುತ್ತದೆ.

ಹೋದ ವಾರ ಪ್ರೋಗ್ರಾಂ ಎರಡು ಸಲ ಎಡವಿದೆ. ಬಂದವರೇ ಮ್ಯಾನೇಜರ್ ಖಡಾಖಂಡಿತವಾಗಿ ಹೇಳುತ್ತಾರೆ: “ಅಕ್ಕಾ, ಇವತ್ತೂ ತಪ್ಪು ಫೈಲು ತೋರಿಸಿದ್ರೆ ಇದನ್ನ ಇಲ್ಲಿಗೇ ನಿಲ್ಲಿಸಿಬಿಡೋಣ.”

ಅಕ್ಕ ಹಲ್ಲಿನ ದೂರನ್ನು ಅದಕ್ಕೆ ಉಣಿಸುತ್ತಾರೆ. ಪರದೆಯ ಮೇಲೆ ಮೊದಲು ಬಂದದ್ದು ತಾರೀಕು ಲೆಕ್ಕ ಹಾಕುವ ಫೈಲು. ಮೂರು ವರ್ಷದ ಹಿಂದೆ ಅದನ್ನು ಬರೆದವರು ಸಾಕ್ಷಾತ್ ಅಕ್ಕನೇ.

“ಥೂ, ಇದರ ತಲೆ ಕೆಟ್ಟಿದೆ! ನನ್ನ ಫೈಲಲ್ಲಿ ತಪ್ಪಾ?”

“ತಾರೀಕಿನ ಹಳೇ ದೂರೆಲ್ಲ ರಿಪೇರಿ ಆಗಿದ್ದು ಅಲ್ಲೇ ಅಂತ ತೋರಿಸ್ತಿದೆಯಲ್ಲಾ?” ಎನ್ನುತ್ತಾರೆ ಮ್ಯಾನೇಜರ್.

“ಅದೆಲ್ಲ ಬೇರೆಯವರು ಕೈಯಾಡಿಸಿ ಕೆಡಿಸಿದ್ದು!”

“ಹಾಗಾದ್ರೆ ಪ್ರೋಗ್ರಾಂ ಸುಳ್ಳು ಹೇಳ್ತಿದೆ. ನಿಲ್ಲಿಸಿಬಿಡೋಣ?”

ಅಕ್ಕನಿಗೆ ಈಗ ಅತ್ತ ದರಿ, ಇತ್ತ ಪುಲಿ. ಫೈಲು ಗೆದ್ದರೆ ಎರಡು ವರ್ಷದ ದುಡಿಮೆ ನೀರುಪಾಲು, ಪ್ರೋಗ್ರಾಂ ಗೆದ್ದರೆ ಮಾನ ಮೂರು ಕಾಸು. ಕನ್ನಡಕ ಒರೆಸಿಕೊಂಡು ತಮ್ಮದೇ ಫೈಲನ್ನು ಶತ್ರುವಿನ ಮನೆ ಶೋಧಿಸುವಂತೆ ಜಾಲಾಡುತ್ತಾರೆ. ಸಿಕ್ಕಿತು. ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಎಂದು ಬರೆದು ಕೂತಿದ್ದಾರೆ ಪುಣ್ಯಾತ್ಗಿತ್ತಿ. ಇಂದು ಇಪ್ಪತ್ತೊಂಬತ್ತು.

“ನಂದೇ! ತಪ್ಪು ನಂದೇ ಕಣ್ರೋ!” ಕುರ್ಚಿ ಹಿಂದಕ್ಕೆ ಬೀಳುತ್ತದೆ. ಹೆರಿಗೆ ಸುದ್ದಿ ಕೇಳಿದ ಅಜ್ಜಿಯ ಹಾಗೆ ಎಲ್ಲರ ಕೈ ಕುಲುಕುತ್ತಾರೆ. ಮ್ಯಾನೇಜರ್ ನಗು ತಡೆಯಲಾರದೆ “ಮುಂದುವರಿಸಿ ಮಹಾತಾಯಿ” ಎಂದು ಕೈಮುಗಿಯುತ್ತಾರೆ.

ರಿಪೇರಿ ಮುಗಿಸಿದ ಅಕ್ಕ, ಯಾವ ಫೈಲು, ಯಾವ ಸಾಲು ಎಂದು ದೂರಿನ ಕೆಳಗೆ ತಾವೇ ಬರೆಯುತ್ತಾರೆ. ಬೇಜಾರಾಯಿತಾ ಎಂದರೆ ಸೆರಗಿನಲ್ಲಿ ಬೆವರೊರೆಸಿಕೊಂಡು ಬೀಗುತ್ತಾರೆ:

“ಮೂರು ವರ್ಷದಿಂದ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ತಪ್ಪು ಹಿಡಿಯೋಕೂ ಕೊನೆಗೆ ನಾನೇ ಬೇಕಾಯ್ತು ನೋಡಿ.”